ಜೊರ್ಜೋನೆಯ ‘ಜೂಡಿತ್’ ನಕಲು: ಆ ಗುಲಾಬಿ ಉಡುಪಿನ ಪದರಗಳು ಯಾವ ಕ್ರಮದಲ್ಲಿ?

ಕುಂಚಗಾರ್ತಿ
ಎಲ್ಲರಿಗೂ ನಮಸ್ಕಾರ. ಸೇಂಟ್ ಪೀಟರ್ಸ್‌ಬರ್ಗ್‌ನ ಹರ್ಮಿಟಾಜ್ ಮ್ಯೂಸಿಯಂನಲ್ಲಿರುವ, ವೆನಿಸ್‌ನ ಚಿತ್ರಕಾರ ಜೊರ್ಜೋನೆಯ ‘ಜೂಡಿತ್’ (ಸುಮಾರು 1504) ಚಿತ್ರವನ್ನ ಅಭ್ಯಾಸಕ್ಕೆ ನಕಲು ಮಾಡಬೇಕು ಅಂತಿದ್ದೀನಿ. ಮೂಲ 144 × 66.5 ಸೆಂ.ಮೀ. ಇದೆ, ನಾನು ಅರ್ಧ ಅಳತೆ ಇಟ್ಟುಕೊಂಡಿದ್ದೀನಿ, ಅಂದರೆ 72 × 33.

ಮೂರು ವಿಷಯಕ್ಕೆ ನಿಮ್ಮ ಸಲಹೆ ಬೇಕು. ಮ್ಯೂಸಿಯಂನವರು ‘ಕ್ಯಾನ್ವಾಸ್’ ಅಂತ ಬರೆದಿದ್ದಾರೆ, ಆದರೆ ಚಿತ್ರದ ನಯ ನೋಡಿದರೆ ಹಲಗೆ ಮೇಲೆ ಬರೆದ ಹಾಗಿದೆ. ನಾನು ಯಾವುದರ ಮೇಲೆ ಬರೆಯಲಿ? ಎರಡನೇದು ಆ ಗುಲಾಬಿ ಉಡುಪು. ಬಿಳಿಗೆ ಕೆಂಪು ಕಲಸಿ ಹಚ್ಚಿದರೆ ಆ ಒಳಬೆಳಕು ಬರಲ್ಲ ಅಂತ ಗೊತ್ತು, ಪದರಗಳ ಕ್ರಮ ಮತ್ತು ಅಂದಾಜು ಪ್ರಮಾಣ ಬೇಕು. ಮೂರನೇದು ಜೂಡಿತ್‌ಳ ಪಾದದ ಕೆಳಗಿರೋ, ಅವಳು ಕೊಂದ ದಂಡನಾಯಕ ಹೊಲೊಫೆರ್ನಿಸನ ತಲೆ. ಸತ್ತ ಮೈಬಣ್ಣಕ್ಕೆ ಏನು ಕಲಸೋದು?

ಹಲಗೆಪ್ಪ
ಹಲಗೆ. ಅನುಮಾನವೇ ಬೇಡ.

ಮೂಲ ಚಿತ್ರ ಹಲಗೆ ಮೇಲೇ ಇದ್ದದ್ದು. 1838ರಲ್ಲಿ ರಷ್ಯಾದಲ್ಲಿ ಅದನ್ನ ಹಲಗೆಯಿಂದ ಬಿಡಿಸಿ ಕ್ಯಾನ್ವಾಸ್‌ಗೆ ವರ್ಗಾಯಿಸಿದರು. ವಿಧಾನ ಹೀಗೆ: ಚಿತ್ರದ ಮುಖಕ್ಕೆ ಕಾಗದ, ತೆಳು ಬಟ್ಟೆ ಅಂಟಿಸಿ ಕವುಚಿ ಮಲಗಿಸ್ತಾರೆ. ಹಿಂದಿನಿಂದ ಮರವನ್ನ ಕೀಸುಳಿ, ಉಳಿ ಹಿಡಿದು ಹೆರೆದು ಹೆರೆದು ತೆಗೀತಾರೆ. ಕೊನೆಗೆ ಕೈಗೆ ಉಳಿಯೋದು ಬಣ್ಣದ ಪೊರೆ, ಅದರ ಹಿಂದೆ ಅಷ್ಟಿಷ್ಟು ಬಿಳಿ ತಳಪದರ. ಅದಕ್ಕೆ ಹೊಸ ಕ್ಯಾನ್ವಾಸ್ ಅಂಟಿಸಿ, ಮುಖದ ಕಾಗದ ನೆನೆಸಿ ತೆಗೀತಾರೆ. ಇದರಲ್ಲಿ ಕೆಡೋದು ಮೂರು. ಒತ್ತಡಕ್ಕೆ ದಪ್ಪ ಬಣ್ಣದ ಉಬ್ಬು ಚಪ್ಪಟೆಯಾಗುತ್ತೆ. ಹೊಸ ಬಟ್ಟೆಯ ನೇಯ್ಗೆ ಹಿಂದಿನಿಂದ ಒತ್ತಿ ಮುಂದೆ ಮೂಡುತ್ತೆ. ಅಂಚಿನ ಬಿರುಕುಗಳಲ್ಲಿ ಬಣ್ಣದ ಚೂರುಗಳು ಕಳೆದುಹೋಗುತ್ತವೆ.

ಹಾಗಾಗಿ ಇವತ್ತು ಆ ಚಿತ್ರದಲ್ಲಿ ನೇಯ್ಗೆಯ ಗುರುತು ಕಂಡರೆ ಅದು 19ನೇ ಶತಮಾನದ್ದು, ಜೊರ್ಜೋನೆಯದ್ದಲ್ಲ. ನಕಲು ಮಾಡೋರು ಅವನು ಬರೆದದ್ದನ್ನ ಹಿಡೀಬೇಕು, ಆಮೇಲೆ ಆದ ಗಾಯವನ್ನಲ್ಲ.

ನೀಲಿ_ದೂರ
ಹರ್ಮಿಟಾಜ್‌ನಲ್ಲಿ ಇದೊಂದೇ ಅಲ್ಲ. ಲಿಯನಾರ್ಡೊನ ಬೆನ್ವಾ ಮಡೋನಾ, ಲಿತ್ತಾ ಮಡೋನಾ, ರಫಾಯೆಲ್‌ನ ಕಾನೆಸ್ತಾಬಿಲೆ ಮಡೋನಾ ಎಲ್ಲವೂ ಹೀಗೇ ಹಲಗೆಯಿಂದ ಕ್ಯಾನ್ವಾಸ್‌ಗೆ ಬಂದವು. ಕಾನೆಸ್ತಾಬಿಲೆಯ ವಿಷಯದಲ್ಲಿ ಒಂದು ಲಾಭವೂ ಆಯ್ತು. ಮರ ತೆಗೆದಾಗ ಹಿಂದಿನಿಂದ ಮೊದಲಿನ ರೇಖೆ ಕಾಣಿಸಿತು: ಈಗ ಪುಸ್ತಕ ಇರೋ ಕಡೆ ರಫಾಯೆಲ್ ಮೊದಲು ದಾಳಿಂಬೆ ಬರೆದಿದ್ದ.

ಕುಂಚಗಾರ್ತಿ
ಹಲಗೆಪ್ಪ ಸರ್, ಧನ್ಯವಾದ. ಯಾವ ಹಲಗೆ, ಎಷ್ಟು ದಪ್ಪ?

ಹಲಗೆಪ್ಪ
ಇಟಲಿಯಲ್ಲಿ ಆಗ ಪಾಪ್ಲರ್ ಮರ ಬಳಸ್ತಿದ್ದರು. ನಿಮ್ಮ ಅಳತೆಗೆ 12 ಮಿ.ಮೀ. ಬರ್ಚ್ ಪ್ಲೈವುಡ್ ಸಾಕು. ಸಿಗದಿದ್ದರೆ ಒಳ್ಳೆ ಮರೀನ್ ಪ್ಲೈ ತಗೊಳ್ಳಿ, ಆದರೆ ಮೇಲ್ಪದರದಲ್ಲಿ ಗಂಟು, ತೇಪೆ ಇಲ್ಲದ ಹಾಳೆ ಆರಿಸಿ. ನಾಲ್ಕೂ ಅಂಚು ಉಜ್ಜಿ ಸ್ವಲ್ಪ ಗುಂಡಗೆ ಮಾಡಿ, ಚೂಪಾಗಿದ್ದರೆ ಬಿಳಿ ತಳ ಮೊದಲು ಸಿಡಿಯೋದೇ ಅಲ್ಲಿ. ಮುಂದೆ ಏನೇ ಬಳಿದರೂ ಹಿಂದೆಯೂ ಅಂಟುನೀರು ಬಳೀರಿ. ಒಂದೇ ಕಡೆ ಬಳಿದರೆ ಹಲಗೆ ಬಾಗುತ್ತೆ.

ಸರಳರೇಖೆ
ಇಷ್ಟೆಲ್ಲ ಯಾಕೆ? ಅಂಗಡಿಯ ಅಕ್ರಿಲಿಕ್ ಜೆಸ್ಸೊ (ಬಣ್ಣಕ್ಕೆ ಮೊದಲು ಬಳಿಯೋ ಬಿಳಿ ತಳ) ನಾಲ್ಕು ಕೈ ಬಳಿದು ಶುರು ಮಾಡಿ. ಎಣ್ಣೆಬಣ್ಣ ಅದರ ಮೇಲೆ ಚೆನ್ನಾಗೇ ನಿಲ್ಲುತ್ತೆ.

ಸುಣ್ಣದಕಲ್ಲು
ನಿಲ್ಲುತ್ತೆ, ಒಪ್ಪಿದೆ. ಆದರೆ ಈ ಚಿತ್ರಕ್ಕೆ ಅದು ಸರಿ ತಳ ಅಲ್ಲ. ಅಕ್ರಿಲಿಕ್ ತಳ ಉಜ್ಜಿದರೂ ರಬ್ಬರಿನ ಹಾಗೆ ಸ್ವಲ್ಪ ಎಳೆಯುತ್ತೆ. ಅಂಟು ಮತ್ತು ಸೀಮೆಸುಣ್ಣದ ತಳ ಉಜ್ಜಿದರೆ ದಂತದ ನಯ ಬರುತ್ತೆ. ತೆಳು ಬಣ್ಣದ ಕೆಳಗಿಂದ ಬೆಳಕು ವಾಪಸ್ ಬರಬೇಕಾದರೆ ಆ ನಯ, ಆ ಬಿಳುಪು ಎರಡೂ ಬೇಕು. ಕ್ರಮ ಹೇಳ್ತೀನಿ.

ಮೊಲದ ಚರ್ಮದ ಅಂಟು 40 ಗ್ರಾಂ, ತಣ್ಣೀರು ಅರ್ಧ ಲೀಟರ್. ರಾತ್ರಿ ನೆನೆಸಿಡಿ. ಬೆಳಿಗ್ಗೆ ಪಾತ್ರೆಯನ್ನ ಬಿಸಿನೀರಿನ ಇನ್ನೊಂದು ಪಾತ್ರೆಯೊಳಗೆ ಇಟ್ಟು ಕರಗಿಸಿ. 60 ಡಿಗ್ರಿ ದಾಟಬಾರದು. ಕುದಿಸಿದರೆ ಅಂಟಿನ ಬಲ ಹೋಗುತ್ತೆ. ಈ ಅಂಟುನೀರನ್ನ ಮೊದಲು ಹಲಗೆಯ ಎರಡೂ ಬದಿಗೆ ಒಂದು ಕೈ ಬಳಿದು ಒಂದು ದಿನ ಒಣಗಲು ಬಿಡಿ.

ಆಮೇಲೆ 250 ಮಿ.ಲೀ. ಬೆಚ್ಚಗಿನ ಅಂಟುನೀರಿಗೆ ಸುಮಾರು 375 ಮಿ.ಲೀ. ಅಳತೆಯ ಜರಡಿ ಹಿಡಿದ ಸೀಮೆಸುಣ್ಣದ ಪುಡಿಯನ್ನ ಮೇಲಿಂದ ಉದುರಿಸಿ. ತಿರುಗಿಸಬೇಡಿ, ತಾನೇ ನೆನೆದು ಮುಳುಗಲಿ. ಕಡೆದರೆ ಗಾಳಿ ಸೇರುತ್ತೆ, ಗಾಳಿಗುಳ್ಳೆ ಒಡೆದ ಕಡೆ ಸೂಜಿಮೊನೆಯಷ್ಟು ತೂತುಗಳು ಉಳಿದು ಕೊನೆಯ ಬಣ್ಣದ ತನಕ ಕಾಣುತ್ತವೆ. ಮೊದಲ ಕೈಯನ್ನ ಬೆರಳಿನಿಂದ ತಿಕ್ಕಿ ಹಚ್ಚಿ. ಆಮೇಲೆ ಅಗಲ ಕುಂಚದಲ್ಲಿ ಒಂದು ಸಲ ಅಡ್ಡ, ಒಂದು ಸಲ ಉದ್ದ, ಆರರಿಂದ ಎಂಟು ಕೈ. ಹಿಂದಿನ ಕೈಯ ಹೊಳಪು ಹೋಗಿ ಮಂಕಾದ ತಕ್ಷಣ ಮುಂದಿನದ್ದು. ಪೂರ್ತಿ ಒಣಗಲು ಬಿಟ್ಟರೆ ಪದರ ಪದರ ಬೇರೆಯಾಗುತ್ತೆ.

ಎರಡು ದಿನ ಒಣಗಿಸಿ 220 ನಂಬರ್ ಉಪ್ಪುಕಾಗದದಲ್ಲಿ ಉಜ್ಜಿ, ಆಮೇಲೆ 400ರಲ್ಲಿ. ಮುಖಕ್ಕೆ ಮಾಸ್ಕ್ ಹಾಕಿಕೊಳ್ಳಿ.

ಕೆಡೋದು ಎಲ್ಲಿ ಅಂದರೆ: ಅಂಟು ಹೆಚ್ಚಾದರೆ ತಳ ಬಿರಿಯುತ್ತೆ. ಕಮ್ಮಿಯಾದರೆ ಬೆರಳಿಗೆ ಪುಡಿ ಹತ್ತುತ್ತೆ, ಬಣ್ಣದ ಎಣ್ಣೆಯನ್ನೆಲ್ಲ ಹೀರಿಕೊಂಡು ಬಣ್ಣ ಸುಣ್ಣದ ಹಾಗೆ ಮಂಕಾಗುತ್ತೆ. ಕೆಳಗಿನ ಪದರಕ್ಕಿಂತ ಮೇಲಿನದ್ದರಲ್ಲಿ ಅಂಟು ಜಾಸ್ತಿಯಾದರೆ ಅದು ಎಳೆದು ಸಿಪ್ಪೆ ಏಳುತ್ತೆ. ಬಿಸಿ ಮಾಡ್ತಾ ನೀರು ಆರಿ ಅಂಟು ತಾನೇ ಗಟ್ಟಿಯಾಗುತ್ತೆ, ಹಾಗಾಗಿ ಮಧ್ಯೆ ಮಧ್ಯೆ ಒಂದೆರಡು ಚಮಚ ಬಿಸಿನೀರು ಸೇರಿಸ್ತಾ ಇರಿ.

ಪಡುಗಡಲು
ಮಂಗಳೂರು, ಉಡುಪಿ ಕಡೆಯವರು ಮಳೆಗಾಲದಲ್ಲಿ ಇದನ್ನ ಮಾಡಲೇಬೇಡಿ. ಅಂಟು ಎರಡೇ ದಿನದಲ್ಲಿ ಹಳಸಿ ನಾರುತ್ತೆ, ಬಳಿದ ಹಲಗೆ ಒಣಗೋ ಮೊದಲು ಬೂಸ್ಟು ಹಿಡಿಯುತ್ತೆ. ಡಿಸೆಂಬರ್‌ನಿಂದ ಮಾರ್ಚ್ ಒಳ್ಳೆ ಕಾಲ. ಉಳಿದ ಅಂಟನ್ನ ಫ್ರಿಜ್‌ನಲ್ಲಿಟ್ಟು ವಾರದೊಳಗೆ ಮುಗಿಸಿ.

ಸರಳರೇಖೆ
ಪ್ರಾಣಿಯ ಅಂಟು ಬೇಡ ಅನ್ನೋರು ಏನು ಮಾಡಬೇಕು? ನಮ್ಮಲ್ಲಿ ಅಂಥವರು ಬಹಳ ಜನ.

ಸುಣ್ಣದಕಲ್ಲು
ಅವರಿಗೆ ನೀವು ಹೇಳಿದ ಅಕ್ರಿಲಿಕ್ಕೇ ಸರಿ. ತೆಳ್ಳಗೆ ಎಂಟು ಕೈ ಬಳಿದು, ಪ್ರತಿ ಎರಡು ಕೈಗೆ ಒಮ್ಮೆ ನೀರುಹಾಕಿ 400 ನಂಬರ್‌ನಲ್ಲಿ ಉಜ್ಜಿದರೆ ಸಾಕಷ್ಟು ಹತ್ತಿರ ಬರುತ್ತೆ. ಎಣ್ಣೆಬಣ್ಣ ಹಚ್ಚಿದ ಮೇಲೆ ಮಾತ್ರ ಅದರ ಮೇಲೆ ಅಕ್ರಿಲಿಕ್ ಹಾಕಬೇಡಿ.

ಅರಗಿನ_ಬಳೆ
ಈಗ ಗುಲಾಬಿಗೆ ಬರೋಣ. ಈ ಇಡೀ ಚಿತ್ರ ನಿಂತಿರೋದೇ ಆ ಬಣ್ಣದ ಮೇಲೆ.

ಆ ಕಾಲದ ವೆನಿಸ್‌ನಲ್ಲಿ ಇಂಥ ಕೆಂಪಿಗೆ ಲೇಕ್ ಬಳಸ್ತಿದ್ದರು. ಕೆಂಪು ರಸವನ್ನ ಪಟಿಕದ ಸಹಾಯದಿಂದ ಪುಡಿಯಾಗಿ ಇಳಿಸಿದ್ದು ಅದು, ಎಣ್ಣೆಯಲ್ಲಿ ಕಲಸಿದರೆ ಗಾಜಿನ ಹಾಗೆ ಪಾರದರ್ಶಕ. ರಸದ ಮೂಲ ಕೆರ್ಮಿಸ್ ಹುಳು, ಮಂಜಿಷ್ಠದ ಜಾತಿಯ ಬೇರು, ಇಲ್ಲವೇ ಅರಗು. ಅರಗು ಹೋಗ್ತಿದ್ದದ್ದು ನಮ್ಮ ಕಡೆಯಿಂದ, ಭಾರತದಿಂದಲೇ. ಚನ್ನಪಟ್ಟಣದ ಗೊಂಬೆಗೆ ಹೊಳಪು ಕೊಡೋ ಅದೇ ಅರಗಿನಿಂದ ತೆಗೆದ ಕೆಂಪು ವೆನಿಸ್‌ನ ವರ್ಣಚಿತ್ರಗಳಲ್ಲಿ ಸಿಕ್ಕಿದೆ. ಇದು ನಮ್ಮವರಿಗೆ ಗೊತ್ತಿರಬೇಕಾದ ವಿಷಯ.

ಕ್ರಮ:

ಮೊದಲು ಬಿಳಿ ತಳದ ಮೇಲೆ ತೆಳುವಾದ ಎಣ್ಣೆ ಪದರ: ಬಿಳಿ, ಚಿಟಿಕೆ ರಾ ಅಂಬರ್, ಚಿಟಿಕೆ ಕಪ್ಪು. ಬೆಚ್ಚಗಿನ ತಿಳಿಬೂದಿ ಬರಬೇಕು, ಕೆಳಗಿನ ರೇಖೆ ಕಾಣ್ತಿರಬೇಕು. ವಾರ ಒಣಗಿಸಿ.

ಎರಡನೇ ಹಂತ ಉಡುಪಿನ ಮೈ. ತಟ್ಟೆಯಲ್ಲಿ ಮೂರು ಗುಡ್ಡೆ ಮಾಡಿಕೊಳ್ಳಿ. ಬೆಳಕಿಗೆ ಬಿಳಿ 20 ಭಾಗಕ್ಕೆ ಲೇಕ್ 1. ನಡುಬಣ್ಣಕ್ಕೆ 8ಕ್ಕೆ 1. ನೆರಳಿಗೆ 2ಕ್ಕೆ 1. ಮಡಿಕೆಗಳನ್ನ ಇಲ್ಲೇ ಪೂರ್ತಿ ರೂಪಿಸಿ, ಆದರೆ ನಿಮಗೆ ಬೇಕಾದ್ದಕ್ಕಿಂತ ಒಂದು ಮೆಟ್ಟಿಲು ಬೆಳ್ಳಗೆ ಇರಲಿ. ಇದು ತುಂಬ ಮುಖ್ಯ. ಮುಂದಿನ ಪದರ ಎಲ್ಲವನ್ನೂ ಕಪ್ಪಾಗಿಸುತ್ತೆ, ಆಮೇಲೆ ಬೆಳಕು ತರಲು ಬಿಳಿ ಹಚ್ಚಿದರೆ ಆ ಜಾಗ ಸುಣ್ಣ ಮೆತ್ತಿದ ಹಾಗೆ ಕೂರುತ್ತೆ. ಹತ್ತು ದಿನ ಒಣಗಲಿ.

ಮೂರನೇದು ಗ್ಲೇಜ್, ಅಂದರೆ ಕೆಳಗಿನದು ಕಾಣುವಂಥ ತೆಳು ಪಾರದರ್ಶಕ ಪದರ. ಬರೀ ಲೇಕ್‌ಗೆ ಅಕ್ರೋಟು ಎಣ್ಣೆ ಒಂದೆರಡು ಹನಿ. ಉಡುಪಿನ ಮೇಲೆಲ್ಲ ಹಚ್ಚಿ, ಬೆಳಕಿನ ಕಡೆ ಬಟ್ಟೆಯಿಂದ ಒರೆಸಿ ತೆಗೀರಿ, ನೆರಳಿನ ಕಡೆ ಅಂಗೈ ಬುಡದಿಂದ ತಟ್ಟಿ ಹರಡಿ. ಕುಂಚದ ಗೆರೆ ಉಳಿಯಬಾರದು. ಒಣಗಿದ ಮೇಲೆ ಆಳವಾದ ಮಡಿಕೆಗಳಿಗೆ ಮಾತ್ರ ಇನ್ನೊಂದು, ಮತ್ತೊಂದು. ಒಂದೇ ಸಲಕ್ಕೆ ದಪ್ಪಗೆ ಹಚ್ಚಿದರೆ ಮೇಲೆ ಕೆನೆ ಕಟ್ಟಿ ಸುಕ್ಕುಗಟ್ಟುತ್ತೆ, ಒಳಗೆ ಹಸಿಯಾಗೇ ಇರುತ್ತೆ.

ನೀಲಿ_ದೂರ
ಲೇಕ್ ಒಣಗೋದು ಬಹಳ ನಿಧಾನ ಅಂತ ಸೇರಿಸಿ ಮೇಡಂ. ಅದಕ್ಕೇ ಆ ಕಾಲದವರು ಕೆಂಪು ಲೇಕ್‌ಗೆ ಬಣ್ಣವಿಲ್ಲದ ಗಾಜಿನ ಪುಡಿ ಬೆರೆಸ್ತಿದ್ದರು. ರಫಾಯೆಲ್ ಚಿತ್ರಗಳಲ್ಲೂ ಸಿಕ್ಕಿದೆ. ಗಾಜಿನಲ್ಲಿರೋ ಮ್ಯಾಂಗನೀಸ್ ಎಣ್ಣೆ ಒಣಗಲು ಸಹಾಯ ಮಾಡುತ್ತೆ, ಪಾರದರ್ಶಕತೆಯೂ ಕೆಡಲ್ಲ.

ರಂಗಿನಂಗಡಿ
ಟ್ಯೂಬ್ ಕೊಳ್ಳೋವಾಗ ಹೆಸರು ನೋಡಬೇಡಿ, ಹಿಂದೆ ಬರೆದಿರೋ ವರ್ಣದ್ರವ್ಯದ ಸಂಕೇತ ನೋಡಿ. ‘ಅಲಿಜರಿನ್ ಕ್ರಿಮ್ಸನ್’ ಅಂತ ಬರೆದು ಪಿಆರ್ 83 ಇದ್ದರೆ ಅದು ಬೆಳಕಿಗೆ ಮಾಸುತ್ತೆ. ಬಿಳಿ ಜೊತೆ ತೆಳುವಾಗಿ ಬೆರೆಸಿದಾಗಂತೂ ಇನ್ನೂ ಬೇಗ, ಮತ್ತು ನಿಮ್ಮ ಉಡುಪು ಇರೋದೇ ಆ ತೆಳು ಮಿಶ್ರಣದಲ್ಲಿ. ಪಿವಿ 19 ಕ್ವಿನಾಕ್ರಿಡೋನ್ ರೋಸ್ ತಗೊಳ್ಳಿ, ಅದು ನಿಲ್ಲುತ್ತೆ. ಸ್ವಲ್ಪ ನೇರಳೆ ಕಡೆಗೆ ಎಳೆಯುತ್ತೆ, ಅದಕ್ಕೆ ಟ್ರಾನ್ಸ್‌ಪರೆಂಟ್ ರೆಡ್ ಆಕ್ಸೈಡ್ ಒಂದಿಷ್ಟೇ ಇಷ್ಟು ಸೇರಿಸಿದರೆ ಬೆಚ್ಚಗಾಗುತ್ತೆ.

ಅರಗಿನ_ಬಳೆ
ಒಪ್ಪಿದೆ. ಜೊತೆಗೆ ಇನ್ನೊಂದು ಮಾತು: ಹಳೇ ಲೇಕ್‌ಗಳೂ ಮಾಸುತ್ತವೆ. ಇವತ್ತು ನಮಗೆ ಕಾಣೋ ಗುಲಾಬಿಯಷ್ಟೇ ಅವನು ಹಚ್ಚಿದ್ದ ಅಂತ ಹೇಳಲಾಗಲ್ಲ.

ಸರಳರೇಖೆ
ಬಿಳಿ ಯಾವುದು? ಟೈಟಾನಿಯಂ ಆದೀತಾ?

ರಂಗಿನಂಗಡಿ
ಆಗುತ್ತೆ, ಆದರೆ ಮುಚ್ಚುವ ಶಕ್ತಿ ಜಾಸ್ತಿ, ತಣ್ಣಗಿನ ಬಿಳಿ. ಅರಗಿನ_ಬಳೆ ಅವರು ಕೊಟ್ಟ ಪ್ರಮಾಣ ಸೀಸದ ಬಿಳಿಗೆ ಸರಿ. ಟೈಟಾನಿಯಂ ಆದರೆ ಲೇಕ್ ಎರಡರಷ್ಟು ಬೇಕಾಗಬಹುದು, ಸ್ವಲ್ಪ ಕಲಸಿ ನೋಡಿ. ಜಿಂಕ್ ಬೆರೆತ ಬಿಳಿ ಬೇಡ. ಜಿಂಕ್ ಎಣ್ಣೆಯಲ್ಲಿ ವರ್ಷ ಕಳೆದ ಹಾಗೆ ಬಿರುಸಾಗಿ ಪದರ ಬಿಡಿಸಿಕೊಳ್ಳುತ್ತೆ.

ಹಲಗೆಪ್ಪ
ಸೀಸದ ಬಿಳಿ ಇಲ್ಲದೆ ಈ ಚಿತ್ರದ ಮೈಬಣ್ಣ ಬರಲ್ಲ ಅನ್ನೋದು ನನ್ನ ಮಾತು. ಅದು ಎಳೆ ಎಳೆಯಾಗಿ ಜಾರುತ್ತೆ, ಬೇಗ ಒಣಗುತ್ತೆ, ಬಗ್ಗುವ ಪೊರೆ ಕಟ್ಟುತ್ತೆ.

ಪಡುಗಡಲು
ಮನೇಲಿ ಮಕ್ಕಳಿದ್ದರೆ ಸೀಸ ಬೇಡವೇ ಬೇಡ ಅನ್ನೋದು ನನ್ನ ಮಾತು. ಬಳಸಲೇಬೇಕು ಅಂದರೆ ಟ್ಯೂಬ್ ಮಾತ್ರ, ಪುಡಿ ಮುಟ್ಟಬೇಡಿ. ಕೈಗವಸು ಬೇಕು, ಒಣಗಿದ ಮೇಲೆ ಒಣಕಾಗದದಲ್ಲಿ ಉಜ್ಜಬಾರದು, ಒರೆಸಿದ ಬಟ್ಟೆ ಅಡುಗೆಮನೆ ಕಡೆ ಹೋಗಬಾರದು. ಅಭ್ಯಾಸದ ನಕಲಿಗೆ ಟೈಟಾನಿಯಂ ಸಾಕು.

ಹಲಗೆಪ್ಪ
ಮಕ್ಕಳ ವಿಷಯದಲ್ಲಿ ನಿಮ್ಮ ಮಾತು ಸರಿ. ಅಂಥ ಮನೆಯಲ್ಲಿ ಟೈಟಾನಿಯಂಗೆ ಕಾಲು ಭಾಗ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ, ಒಂದು ಹನಿ ಎಣ್ಣೆ ಸೇರಿಸಿ ಅರೆದರೆ ಮುಚ್ಚುವ ಶಕ್ತಿ ಇಳಿದು ಸ್ವಲ್ಪ ಹತ್ತಿರ ಬರುತ್ತೆ.

ಓದುಗ_ತೀರ್ಥ
ಮಧ್ಯೆ ಬಂದೆ, ಕ್ಷಮಿಸಿ. ಇದು ಸಲೋಮೆ ಅಲ್ಲವಾ? ತಲೆ ಕಡಿಸಿದವಳು ಸಲೋಮೆ ಅಂತ ಓದಿದ ನೆನಪು.

ಗ್ರಂಥಾಲಯ
ಇಬ್ಬರೂ ಬೇರೆ. ಸಲೋಮೆ ಕುಣಿದು ಕೇಳಿದ್ದು ಸ್ನಾನಿಕ ಯೋಹಾನನ ತಲೆ, ಕಡಿದದ್ದು ಹೆರೋದನ ಆಳು, ತಲೆ ಬಂದದ್ದು ತಟ್ಟೆಯಲ್ಲಿ. ಜೂಡಿತ್ ಬೆತೂಲಿಯ ಊರಿನ ವಿಧವೆ. ಊರಿಗೆ ಮುತ್ತಿಗೆ ಹಾಕಿದ್ದ ದಂಡನಾಯಕ ಹೊಲೊಫೆರ್ನಿಸ್ ಕುಡಿದು ಮಲಗಿದ್ದಾಗ, ಅವನ ಮಂಚದ ಹತ್ತಿರ ತೂಗುಹಾಕಿದ್ದ ಅವನದೇ ಕತ್ತಿ ತೆಗೆದು ಎರಡು ಏಟಿಗೆ ತಲೆ ಕಡಿದಳು. ತಲೆಯನ್ನ ದಾಸಿಯ ಬುತ್ತಿಚೀಲದಲ್ಲಿ ಹಾಕಿ ಊರಿಗೆ ತಂದಳು. ಕ್ಯಾಥೊಲಿಕ್ ಬೈಬಲ್‌ನಲ್ಲಿ ಈ ಗ್ರಂಥ ಇದೆ, ಪ್ರೊಟೆಸ್ಟೆಂಟರು ಇದನ್ನ ಬೈಬಲ್‌ನ ಭಾಗ ಅಂತ ಒಪ್ಪಲ್ಲ. ಅದಕ್ಕೇ ಬಹಳ ಜನ ಓದಿರಲ್ಲ.

ಕತ್ತಿ ಅವನದು ಅನ್ನೋದನ್ನ ನಕಲು ಮಾಡುವವರು ಮನಸ್ಸಲ್ಲಿ ಇಟ್ಟುಕೊಳ್ಳಿ. ಚಿತ್ರದಲ್ಲಿ ಅದು ಅವಳ ಕೈಗೆ ದೊಡ್ಡದು. ಚಿಕ್ಕದು ಮಾಡಿ ‘ಸರಿಪಡಿಸಬೇಡಿ’.

ಓದುಗ_ತೀರ್ಥ
ಹಾಗಾದರೆ ತಟ್ಟೆ ಇದ್ದರೆ ಸಲೋಮೆ, ಕತ್ತಿ ಇದ್ದರೆ ಜೂಡಿತ್?

ಗ್ರಂಥಾಲಯ
ಅರ್ಧ ಸರಿ. ಎರಡೂ ಇದ್ದರೆ ಏನು ಅನ್ನೋದಕ್ಕೆ ಕಲಾ ಇತಿಹಾಸಕಾರ ಎರ್ವಿನ್ ಪನೊಫ್‌ಸ್ಕಿ ಒಂದು ಒಳ್ಳೆ ವಾದ ಮಂಡಿಸಿದ್ದಾರೆ. 17ನೇ ಶತಮಾನದ ಫ್ರಾನ್ಸೆಸ್ಕೊ ಮಫೇಯಿ ಬರೆದ ಚಿತ್ರದಲ್ಲಿ ಹೆಂಗಸಿನ ಕೈಯಲ್ಲಿ ಕತ್ತಿ, ತಟ್ಟೆ ಎರಡೂ ಇವೆ. ಜರ್ಮನಿ, ಉತ್ತರ ಇಟಲಿಯಲ್ಲಿ ತಟ್ಟೆ ಹಿಡಿದ ಜೂಡಿತ್ ಚಿತ್ರಗಳು ಮೊದಲೇ ಇದ್ದವು, ಕತ್ತಿ ಹಿಡಿದ ಸಲೋಮೆ ಇರಲಿಲ್ಲ. ಹಾಗಾಗಿ ಮಫೇಯಿಯದು ಜೂಡಿತ್. ಕತ್ತಿಯೂ ಕಾಣದೆ ಬರೀ ತಟ್ಟೆ ಇದ್ದರೆ ಕಷ್ಟ. ಲಂಡನ್ ನ್ಯಾಷನಲ್ ಗ್ಯಾಲರಿಯಲ್ಲಿರೋ ಸೆಬಾಸ್ತಿಯಾನೊ ದೆಲ್ ಪಿಯೊಂಬೊನ 1510ರ ಚಿತ್ರಕ್ಕೆ ಇವತ್ತಿಗೂ ಜೂಡಿತ್ ಇರಬಹುದು, ಸಲೋಮೆ ಇರಬಹುದು ಅಂತಲೇ ಹೆಸರು.

ಸರಳರೇಖೆ
ನನಗೆ ಕರವಾಜ್ಜೊ, ಅರ್ತೆಮೀಸಿಯ ಬರೆದ ಜೂಡಿತ್ ಇದಕ್ಕಿಂತ ಇಷ್ಟ. ಅಲ್ಲಿ ಕಡಿಯೋದು ಕಣ್ಣಿಗೆ ಹೊಡೆಯುತ್ತೆ.

ನೀಲಿ_ದೂರ
ಅವು ಜೊರ್ಜೋನೆಯ ಹಾಗೆ ರಿನೈಸಾನ್ಸ್ ಕಾಲದವಲ್ಲ, ಅದರ ನಂತರದ ಬರೋಕ್ ಶೈಲಿಯವು. ಕರವಾಜ್ಜೊನದು 1599ರ ಸುಮಾರು, ಅರ್ತೆಮೀಸಿಯಳದು ನೇಪಲ್ಸ್‌ನಲ್ಲಿ ಒಂದು, ಫ್ಲಾರೆನ್ಸ್‌ನ ಉಫೀತ್ಸಿಯಲ್ಲಿ ಒಂದು. ಬೊತ್ತಿಚೆಲ್ಲಿಯ ಜೂಡಿತ್ ಹಳೇದು, ಆದರೆ ಅದು ಟೆಂಪೆರಾ, ಎಣ್ಣೆ ಬದಲು ಮೊಟ್ಟೆಯಲ್ಲಿ ಕಲಸಿದ ಬಣ್ಣ. ಎಣ್ಣೆಬಣ್ಣದ ಇನ್ನೊಂದು ದಾರಿ ನೋಡಬೇಕಾದರೆ ಜರ್ಮನಿಯ ಲೂಕಸ್ ಕ್ರಾನಾಖ್: 1530ರ ಸುಮಾರಿನ ಜೂಡಿತ್‌ಗಳು ವಿಯೆನ್ನಾದಲ್ಲೂ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್‌ನಲ್ಲೂ ಇವೆ. ಲಿಂಡನ್ ಹಲಗೆ, ಸ್ಯಾಕ್ಸನಿ ಅರಮನೆಯ ಉಡುಪು, ನೆಟ್ಟಗೆ ಹಿಡಿದ ಕತ್ತಿ, ಪ್ರತಿ ಒಡವೆಗೂ ಹರಿತ ರೇಖೆ. ಜೊರ್ಜೋನೆಯಲ್ಲಿ ರೇಖೆ ಕರಗಿ ಹೋಗಿದೆ. ಅವಳು ಶಾಂತವಾಗಿ ಕೆಳಗೆ ನೋಡ್ತಿದ್ದಾಳೆ, ಕೊಂದದ್ದು ಮುಗಿದಿದೆ. ಆ ಶಾಂತಿ ಬರೋದು ಅಂಚುಗಳಿಂದ.

ಅರಗಿನ_ಬಳೆ
ಅಂಚಿನ ಮಾತು ಬಂತಲ್ಲ, ಒಂದು ಸೂಚನೆ. ಗಲ್ಲ, ಕುತ್ತಿಗೆ, ಬರಿಗಾಲಿನ ಅಂಚುಗಳನ್ನ ಬಣ್ಣ ಹಸಿಯಿದ್ದಾಗಲೇ ಒಣ ಮೆತ್ತನೆ ಕುಂಚದಿಂದ ಹಿನ್ನೆಲೆಯೊಳಗೆ ಎಳೆದುಬಿಡಿ. ಮುಂದೆ ನೆಲದ ಗಿಡಗಳು ಮಾತ್ರ ಎಲೆ ಎಲೆಯೂ ಸ್ಪಷ್ಟ. ಆ ವ್ಯತ್ಯಾಸ ಬೇಕು.

ಕುಂಚಗಾರ್ತಿ
ತಲೆಯ ಬಣ್ಣ ಯಾರೂ ಹೇಳಲಿಲ್ಲ.

ರಂಗಿನಂಗಡಿ
ಬಿಳಿ 6, ಯೆಲ್ಲೋ ಓಕರ್ 2, ಐವರಿ ಬ್ಲ್ಯಾಕ್ 1. ಓಕರ್‌ಗೆ ಕಪ್ಪು ಸೇರಿದರೆ ತಾನೇ ಹಸಿರು ಛಾಯೆ ಬರುತ್ತೆ, ಹಸಿರು ಟ್ಯೂಬ್ ಮುಟ್ಟಬೇಕಿಲ್ಲ. ಇಂಗಳೀಕದ ಕೆಂಪು ಅವನ ಮುಖಕ್ಕೆ ಬೇಡ. ಅವಳ ಕೆನ್ನೆ, ತುಟಿ, ಬೆರಳ ಗಂಟುಗಳಿಗೆ ಕ್ಯಾಡ್ಮಿಯಂ ರೆಡ್ ಲೈಟ್ ಚಿಟಿಕೆ. ಅವಳ ಬೆಚ್ಚಗಿನ ಪಾದ, ಅವನ ತಣ್ಣನೆ ಹಣೆ ಮುಟ್ಟೋ ಜಾಗದಲ್ಲಿ ಎರಡೂ ಬಣ್ಣ ಬೆರೆಯಲು ಬಿಡಬೇಡಿ. ಮೊದಲು ತಲೆ ಮುಗಿಸಿ ಒಣಗಿಸಿ, ಆಮೇಲೆ ಪಾದ.

ಓದುಗ_ತೀರ್ಥ
ಹಿಂದಿನ ಮರದ ಎಲೆಗಳು ಕಂದು ಕಾಣುತ್ತವೆ. ಹಾಗೇ ಹಾಕಬೇಕಾ?

ನೀಲಿ_ದೂರ
ಆ ಕಾಲದ ತಾಮ್ರದ ಕಿಲುಬಿನ ಹಸಿರು ಎಣ್ಣೆಯಲ್ಲಿ ಕ್ರಮೇಣ ಕಂದಾಗುತ್ತೆ, ವೆನಿಸ್ ಚಿತ್ರಗಳಲ್ಲಿ ಇದು ಸಾಮಾನ್ಯ. ವಿರಿಡಿಯನ್‌ಗೆ ಸ್ವಲ್ಪ ಓಕರ್ ಸೇರಿಸಿ ಒಂದು ಮೆಟ್ಟಿಲು ಹಸಿರಾಗೇ ಬರೆಯಿರಿ ಅನ್ನೋದು ನನ್ನ ಅಭಿಪ್ರಾಯ. ದೂರದ ಬೆಟ್ಟಕ್ಕೆ ಅಲ್ಟ್ರಾಮರೀನ್, ಹೆಚ್ಚು ಬಿಳಿ.

ಹಲಗೆಪ್ಪ
ನಾನು ಒಪ್ಪಲ್ಲ. ಎಲೆ ಹಸಿರು ಮಾಡಿದರೆ ಮಾಸಿದ ಗುಲಾಬಿಯನ್ನೂ ಗಾಢ ಮಾಡಬೇಕಾಗುತ್ತೆ, ಇಲ್ಲದಿದ್ದರೆ ತೂಕ ತಪ್ಪುತ್ತೆ. ಎಷ್ಟು ಮಾಸಿದೆ ಅಂತ ಅಳೆಯದೆ ಊಹೆ ಮೇಲೆ ಬರೆದರೆ ಅದು ನಕಲಲ್ಲ.

ನೀಲಿ_ದೂರ
ನೀವೇ ಅಲ್ವಾ ಸರ್, ಆಮೇಲೆ ಆದ ಗಾಯ ಬರೀಬೇಡಿ ಅಂದದ್ದು?

ಹಲಗೆಪ್ಪ
ನೇಯ್ಗೆ ಹೊರಗಿಂದ ಬಂದದ್ದು, ಬಿಟ್ಟರೆ ಚಿತ್ರಕ್ಕೆ ನಷ್ಟವಿಲ್ಲ. ಬಣ್ಣಗಳು ಒಂದಕ್ಕೊಂದು ಸಂಬಂಧದಲ್ಲಿವೆ, ಒಂದನ್ನ ಅಲುಗಿಸಿದರೆ ಎಲ್ಲವೂ ಅಲುಗುತ್ತವೆ. ಎರಡು ಚಿಕ್ಕ ಹಲಗೆ ಮೇಲೆ ಎಲೆ ಮತ್ತು ಉಡುಪಿನ ತುಂಡು ಮಾತ್ರ ಎರಡು ರೀತಿ ಬರೆದು ನೋಡಲಿ.

ಕುಂಚಗಾರ್ತಿ
ಇದು ಒಳ್ಳೆಯದು, ಹಾಗೇ ಮಾಡ್ತೀನಿ. ಇನ್ನೊಂದು ಪ್ರಶ್ನೆ: ಪದರಗಳ ಮಧ್ಯೆ ಕೆಲವು ಕಡೆ ಬಣ್ಣ ಮಂಕಾದರೆ?

ಸುಣ್ಣದಕಲ್ಲು
ಎಣ್ಣೆ ಕೆಳಗೆ ಇಳಿದಿದೆ ಅಂತ ಅರ್ಥ. ಪೂರ್ತಿ ಒಣಗಿದ ಮೇಲೆ ಅಗಸೆ ಎಣ್ಣೆ ಒಂದು ಹನಿ ಬಟ್ಟೆಯಲ್ಲಿ ತಿಕ್ಕಿ, ತಕ್ಷಣ ಒಣಬಟ್ಟೆಯಲ್ಲಿ ಒರೆಸಿ. ಎಣ್ಣೆ ಮೇಲೆ ನಿಲ್ಲಬಾರದು, ನಿಂತರೆ ಹಳದಿಯಾಗುತ್ತೆ. ಮೇಲಿನ ಪದರದಲ್ಲಿ ಯಾವಾಗಲೂ ಕೆಳಗಿನದಕ್ಕಿಂತ ಎಣ್ಣೆ ಸ್ವಲ್ಪ ಹೆಚ್ಚಿರಲಿ, ತಿರುವುಮುರುವಾದರೆ ಬಿರುಕು ಖಂಡಿತ. ಎಣ್ಣೆ ಬಟ್ಟೆಗಳನ್ನ ಮುದುರಿ ಬುಟ್ಟಿಗೆ ಹಾಕಬೇಡಿ, ತಾನೇ ಬಿಸಿಯಾಗಿ ಬೆಂಕಿ ಹತ್ತಿಕೊಳ್ಳುತ್ತೆ. ನೀರಲ್ಲಿ ನೆನೆಸಿ ಬಿಸಾಡಿ. ವಾರ್ನಿಷ್ ಆರು ತಿಂಗಳ ಮೇಲೆ, ವರ್ಷ ಬಿಟ್ಟರೆ ಇನ್ನೂ ಒಳ್ಳೇದು.

ಪಡುಗಡಲು
ಹತ್ತಿರದಲ್ಲಿ ಇಟಲಿಯವರ ಕೈ ನೋಡಬೇಕಾದರೆ ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ಗೆ ಬನ್ನಿ. ಅಂತೋನಿಯೊ ಮೊಸ್ಕೇನಿ 1899ರಲ್ಲಿ ಅಲ್ಲಿ ಕೆಲಸ ಶುರು ಮಾಡಿದ್ದು. ಕಾಲ ಬೇರೆ, ಆದರೆ ಬಟ್ಟೆಯ ಮಡಿಕೆ ಕಲಿಯಲು ಒಳ್ಳೆ ಜಾಗ.

ರಂಗಿನಂಗಡಿ
ಮೈಸೂರು ಜಗನ್ಮೋಹನ ಅರಮನೆಯ ರವಿವರ್ಮರನ್ನೂ ನೋಡಿ. ಎಣ್ಣೆಬಣ್ಣದಲ್ಲಿ ರೇಷ್ಮೆ ಹೇಗೆ ಬೆಳಕು ಹಿಡಿಯುತ್ತೆ ಅಂತ ಗೊತ್ತಾಗುತ್ತೆ.

ಗ್ರಂಥಾಲಯ
ಹಲಗೆಯ ಹಿಂದೆ ‘ಜೊರ್ಜೋನೆಯ ನಂತರ, ನಕಲು’ ಅಂತ ನಿಮ್ಮ ಹೆಸರು, ವರ್ಷ ಹಾಕಿ ಬರೆದಿಡಿ. ಲೂವ್ರ್‌ನಲ್ಲಿ ಕೂತು ನಕಲು ಮಾಡುವವರು ಮೂಲದ ಅಳತೆಯನ್ನೇ ಬಳಸುವಂತಿಲ್ಲ, ನಿಮ್ಮದು ಅರ್ಧ ಅಳತೆ, ಆ ತೊಂದರೆ ಇಲ್ಲ. ಈ ಚಿತ್ರಕ್ಕೇ ಎಷ್ಟು ಗೊಂದಲ ಆಗಿತ್ತು ನೋಡಿ: ಪ್ಯಾರಿಸ್‌ನ ಕ್ರೊಜಾ ಸಂಗ್ರಹದಲ್ಲಿ ಇದ್ದಾಗ ಇದನ್ನ ರಫಾಯೆಲ್‌ನದು ಅಂತಿದ್ದರು. 1772ರಲ್ಲಿ ಫ್ರೆಂಚ್ ಚಿಂತಕ ದಿದ್‌ರೋ ಮಧ್ಯಸ್ಥಿಕೆಯಲ್ಲಿ ರಷ್ಯಾದ ಕ್ಯಾಥರೀನ್ ರಾಣಿ ಕೊಂಡದ್ದೂ ಆ ಹೆಸರಲ್ಲೇ. ಜೊರ್ಜೋನೆಯ ಹೆಸರು ಸೇರಿದ್ದು 19ನೇ ಶತಮಾನದಲ್ಲಿ.

ಕುಂಚಗಾರ್ತಿ
ಬರೆದಿಡ್ತೀನಿ. ನಾಳೆ ಪ್ಲೈ ತರ್ತೀನಿ. ಅರಗಿನ_ಬಳೆ ಮೇಡಂ, ಗ್ಲೇಜ್‌ಗೆ ಅಕ್ರೋಟು ಎಣ್ಣೆ ಅಡುಗೆಯದ್ದು ನಡೆಯುತ್ತಾ?

ಅರಗಿನ_ಬಳೆ
ಬೇಡಮ್ಮ. ಅಡುಗೆಯದಕ್ಕೆ ಕೆಡದಿರಲಿ ಅಂತ ವಿಟಮಿನ್ ಇ ಸೇರಿಸಿರುತ್ತಾರೆ, ಅದು ಒಣಗೋದನ್ನ ತಡೆಯುತ್ತೆ. ಚಿತ್ರಕಲೆಗೆ ಅಂತ ಮಾರೋದನ್ನೇ ತಗೊಳ್ಳಿ, 100 ಮಿ.ಲೀ. ಈ ಹಲಗೆಗೆ ಮುಗಿಯಲ್ಲ.